ನಾಯಿಗೊಂದು ವೀರಗಲ್ಲು: ಸಮಾಜ ವಿಜ್ಞಾನದ ತರಗತಿಯಲ್ಲಿ ರಚನಾವಾದವನ್ನು ನಡೆಸುವ ಬಗೆ

ಪಾಠ ಯೋಜನೆಯ ಪುಸ್ತಕದಲ್ಲಿ ತೊಡಗಿಸುವಿಕೆ, ಪರಿಶೋಧನೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂಬ ರಚನಾವಾದಿ ಪಾಠದ ಐದು ಕಾಲಂಗಳು ಅಚ್ಚುಕಟ್ಟಾಗಿ ತುಂಬಿರುತ್ತವೆ. ತರಗತಿಯಲ್ಲಿ ಮಾತ್ರ ಗಂಗರ ರಾಜಧಾನಿ ಯಾವುದು, ಲಾಂಛನ ಯಾವುದು ಎಂಬ ಪ್ರಶ್ನೋತ್ತರ ಬೋರ್ಡಿನಿಂದ ನೋಟ್‌ಬುಕ್ಕಿಗೆ ಇಳಿಯುತ್ತದೆ. ಇನ್ನು ಕೆಲವು ಕಡೆ ಥರ್ಮಾಕೋಲಿನ ಕೋಟೆ, ಬಣ್ಣದ ಚಾರ್ಟು, ಗುಂಪು ಹಾಡು ಎಲ್ಲವೂ ಇರುತ್ತವೆ, ಮಕ್ಕಳು ಖುಷಿಯಾಗಿಯೂ ಇರುತ್ತಾರೆ. ಆದರೆ ಕೋಟೆ ಮಾಡಿದ ಹುಡುಗಿಯನ್ನೇ ಕರೆದು ‘ಬಾಗಿಲು ನೇರವಾಗಿರದೆ ತಿರುವಿನಲ್ಲಿ ಏಕಿದೆ?’ ಎಂದು ಕೇಳಿ ನೋಡಿ, ಪಿಳಿಪಿಳಿ ಕಣ್ಣು ಬಿಡುತ್ತಾಳೆ. ಕೈಗೆ ಕೆಲಸ ಸಿಕ್ಕಿತ್ತು, ತಲೆಗೆ ಸಿಕ್ಕಿರಲಿಲ್ಲ.

ರಚನಾವಾದದ ಮೂಲ ಮಾತು ದೊಡ್ಡದೇನಲ್ಲ. ಮಗು ಹೊಸದನ್ನು ತನಗೆ ಈಗಾಗಲೇ ಗೊತ್ತಿರುವುದರ ಜೊತೆ ತಾಳೆ ಹಾಕಿ ನೋಡುತ್ತದೆ, ತಾಳೆಯಾಗದಿದ್ದರೆ ಗೊತ್ತಿದ್ದುದನ್ನೇ ತಿದ್ದಿಕೊಳ್ಳುತ್ತದೆ ಎಂದರು ಸ್ವಿಸ್ ಮನೋವಿಜ್ಞಾನಿ ಪಿಯಾಜೆ. ಒಬ್ಬನೇ ಕೂತು ಬಿಡಿಸಲಾಗದ್ದನ್ನು ಜೊತೆಯವರ, ದೊಡ್ಡವರ ಆಸರೆಯಿಂದ ಬಿಡಿಸಬಲ್ಲ, ಕಲಿಕೆ ನಡೆಯುವುದು ಆ ಅಂಚಿನಲ್ಲೇ ಎಂದರು ರಷ್ಯಾದ ಮನೋವಿಜ್ಞಾನಿ ವೈಗಾಟ್‌ಸ್ಕಿ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ಮಾತುಗಳನ್ನು ನಮ್ಮ ಶಾಲೆಗಳಿಗೆ ತಂದಿತು. ಸಮಾಜ ವಿಜ್ಞಾನದ ಮಟ್ಟಿಗೆ ಇದರಿಂದ ಹೊರಡುವ ಕೆಲಸ ಮೂರು: ವಾದಕ್ಕೆ ಎಡೆ ಇರುವ ಪ್ರಶ್ನೆ ಹುಡುಕುವುದು, ಮಕ್ಕಳ ಕೈಗೆ ಸಾಕ್ಷ್ಯ ಕೊಡುವುದು, ಆಮೇಲೆ ಹತ್ತು ನಿಮಿಷ ಬಾಯಿ ಮುಚ್ಚಿಕೊಂಡಿರುವುದು. ಮೂರನೆಯದೇ ಎಲ್ಲಕ್ಕಿಂತ ಕಷ್ಟ.

ಮೊದಲು ಪ್ರಶ್ನೆ

‘ವೀರಗಲ್ಲು ಎಂದರೇನು?’ ಎಂಬ ಪ್ರಶ್ನೆಗೆ ಪುಸ್ತಕದಲ್ಲಿ ಎರಡು ಸಾಲಿನ ಉತ್ತರವಿದೆ: ಹೋರಾಡಿ ಮಡಿದವರ ನೆನಪಿಗೆ ನೆಟ್ಟ ಕಲ್ಲು. ಮುಂದಿನ ಬೆಂಚಿನವರು ಓದಿ ಹೇಳಿಬಿಟ್ಟರೆ ಉಳಿದ 35 ಮಂದಿಗೆ ಮಾಡಲು ಏನೂ ಇಲ್ಲ. ‘ಒಂದು ನಾಯಿ ಸತ್ತಿದ್ದಕ್ಕೆ ಕಲ್ಲು ನೆಟ್ಟು, ಆ ಕಲ್ಲಿಗೆ ಭೂಮಿ ಬಿಟ್ಟದ್ದೇಕೆ?’ ಎಂದು ಕೇಳಿದರೆ ಹಿಂದಿನ ಬೆಂಚೂ ತಲೆ ಎತ್ತುತ್ತದೆ.

ಪ್ರಶ್ನೆ ಸರಿಯಾಗಿದೆಯೇ ಎಂದು ಹಿಂದಿನ ದಿನವೇ ಪರೀಕ್ಷಿಸಿಕೊಳ್ಳಿ. ಎರಡು ಬೇರೆ ಬೇರೆ ಉತ್ತರಗಳನ್ನು ಕಾರಣ ಸಹಿತ ಸಮರ್ಥಿಸಲು ಬರುತ್ತದೆಯೇ? ಅದಕ್ಕೆ ಬೇಕಾದ ಸಾಕ್ಷ್ಯ ನಿಮ್ಮ ಊರಲ್ಲೋ ಒಂದು ಹಾಳೆಯ ಮೇಲೋ ಸಿಗುತ್ತದೆಯೇ? ಪಾಠದ ಮುಖ್ಯ ಅಂಶಕ್ಕೇ ಅದು ಕರೆದೊಯ್ಯುತ್ತದೆಯೇ? ಮೂರನೆಯದಕ್ಕೆ ‘ಇಲ್ಲ’ ಎಂದಾದರೆ ಪ್ರಶ್ನೆ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ. ಪೀರಿಯಡ್ ಮುಗಿದ ಮೇಲೆ ‘ಈಗ ಪಾಠಕ್ಕೆ ಬರೋಣ’ ಎನ್ನಬೇಕಾಗುತ್ತದೆ, ಅಲ್ಲಿಗೆ ಆಟ ಬೇರೆ ಪಾಠ ಬೇರೆ ಎಂದು ಮಕ್ಕಳಿಗೆ ತಿಳಿದುಹೋಗುತ್ತದೆ.

ಅರ್ಥಶಾಸ್ತ್ರಕ್ಕೆ ಒಂದು: ಸಂತೆಯಲ್ಲಿ ಬೆಳಗ್ಗೆ ಇದ್ದ ಟೊಮೆಟೊ ಬೆಲೆ ಸಂಜೆಗೆ ಇಳಿಯುತ್ತದೆ, ಅಕ್ಕಿಯ ಬೆಲೆ ಏಕೆ ಹಾಗೆ ಇಳಿಯುವುದಿಲ್ಲ? ಭೂಗೋಳಕ್ಕೆ: ಬಯಲುಸೀಮೆಯಲ್ಲಿ ಮನೆಗಳು ಒತ್ತೊತ್ತಾಗಿವೆ, ಮಲೆನಾಡಿನಲ್ಲಿ ತೋಟಕ್ಕೊಂದು ಮನೆ. ಏಕೆ? ಇಂಥ ಪ್ರಶ್ನೆಗಳನ್ನು ವರ್ಷವಿಡೀ ಒಂದು ಪುಟ್ಟ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾ ಹೋದರೆ ಜೂನ್ ತಿಂಗಳಲ್ಲಿ ತಡಕಾಡಬೇಕಿಲ್ಲ.

ಒಂದು ಪಾಠ, ಮೂರು ಪೀರಿಯಡ್

ಎಂಟನೇ ತರಗತಿಯ ಇತಿಹಾಸದ ಆಧಾರಗಳಿಗೂ ಗಂಗ–ರಾಷ್ಟ್ರಕೂಟರ ಪಾಠಕ್ಕೂ ಹೊಂದುವ ಒಂದು ಕಲ್ಲಿದೆ: ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನದು. ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯೊಂದು ಕಾಡುಹಂದಿಯ ಮೇಲೆ ಎರಗಿರುವ ಕೆತ್ತನೆ, ಸುತ್ತ ಹಳಗನ್ನಡದ ಬರಹ. ನಾಯಿಯ ಹೆಸರು ಕಾಳಿ.

ಸಾಮಗ್ರಿ ಹೆಚ್ಚೇನಿಲ್ಲ. 40 ಮಕ್ಕಳಿಗೆ ಐದೈದು ಜನರ 8 ಗುಂಪು, ಗುಂಪಿಗೊಂದು ಎ4 ಚಿತ್ರ, ಆರು ಸುಳಿವು ಚೀಟಿಗಳಿರುವ ಒಂದು ಲಕೋಟೆ, ಗುಂಪಿಗೊಂದು ಹಾಳೆ, ಮಗುವಿಗೊಂದು ಸಣ್ಣ ಚೀಟಿ. ಚಿತ್ರದ ವಿಷಯದಲ್ಲಿ ಒಂದು ಎಚ್ಚರ: ಕಪ್ಪು ಕಲ್ಲಿನ ಫೋಟೋವನ್ನು ಹಾಗೇ ಜೆರಾಕ್ಸ್ ಮಾಡಿಸಿದರೆ ಮಸಿ ಬಳಿದ ಹಾಳೆ ಕೈಗೆ ಬರುತ್ತದೆ. ಮೊಬೈಲಿನಲ್ಲೇ ಬೆಳಕು ಹೆಚ್ಚಿಸಿ ಒಂದು ಪ್ರತಿ ಪ್ರಿಂಟ್ ತೆಗೆಸಿ. ಅದನ್ನು ಕಿಟಕಿ ಗಾಜಿಗೆ ಒತ್ತಿ ಹಿಡಿದು, ಮೇಲೊಂದು ಬಿಳಿ ಹಾಳೆ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದುಕೊಳ್ಳಿ. ಆ ಗೆರೆಚಿತ್ರ ಜೆರಾಕ್ಸಿಗೆ ಚೆನ್ನಾಗಿ ಒದಗುತ್ತದೆ. ಮೂಲ ಫೋಟೋವನ್ನು ಮೊಬೈಲಿನಲ್ಲಿ ಸುತ್ತಾಡಿ ತೋರಿಸಿದರೆ ಸಾಕು.

*ಮೊದಲ ಪೀರಿಯಡ್.* ಚಿತ್ರ ಹಂಚಿ. ಊರು, ಇಸವಿ, ರಾಜ ಏನನ್ನೂ ಹೇಳಬೇಡಿ. ಮೊದಲ 5 ನಿಮಿಷ ಯಾರೂ ಮಾತಾಡುವಂತಿಲ್ಲ. ಕಣ್ಣಿಗೆ ಕಂಡದ್ದನ್ನಷ್ಟೇ ಪ್ರತಿಯೊಬ್ಬರೂ ತಮ್ಮ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಈ ಮೌನದ ಐದು ನಿಮಿಷ ತಪ್ಪಿಸಿ ನೇರ ಗುಂಪಿಗೆ ಇಳಿಸಿದರೆ ಗುಂಪಿನ ಜಾಣ ಮಗು ಹೇಳಿದ್ದೇ ಐವರ ಉತ್ತರವಾಗುತ್ತದೆ. ನಂತರ 10 ನಿಮಿಷ ಗುಂಪಿನ ಕೆಲಸ: ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ‘ಕಂಡದ್ದು’, ಬಲಕ್ಕೆ ‘ಊಹಿಸಿದ್ದು’.

ಪಾಠದ ಬೇರು ಇರುವುದು ಈ ಗೆರೆಯಲ್ಲಿ. ‘ಸಿಟ್ಟಾದ ನಾಯಿ’ ಎಂದು ಎಡಗಡೆ ಬರೆಯುತ್ತಾರೆ. ಸಿಟ್ಟು ಎಲ್ಲಿ ಕಂಡಿತು ಎಂದು ಕೇಳಿ. ‘ಬಾಯಿ ತೆರೆದಿದೆ’ ಎನ್ನುತ್ತಾರೆ. ಹಾಗಾದರೆ ಬಾಯಿ ತೆರೆದದ್ದು ಎಡಕ್ಕೆ, ಸಿಟ್ಟು ಬಲಕ್ಕೆ. ‘ವರಾಹ ಅವತಾರ’ ಎಂದು ಒಂದು ಗುಂಪು ಬರೆದರೆ ನಗಬೇಡಿ, ಒಳ್ಳೆಯ ಊಹೆಯೇ. ‘ವರಾಹ ದೇವರಾಗಿದ್ದರೆ ನಾಯಿ ಕಚ್ಚುವ ಹಾಗೆ ಕೆತ್ತುತ್ತಿದ್ದರೇ?’ ಎಂಬ ಪ್ರಶ್ನೆ ಪಕ್ಕದ ಗುಂಪಿನಿಂದಲೇ ಬರಲು ಬಿಡಿ. ಬರದಿದ್ದರೆ ಕೊನೆಗೆ ನೀವು ಕೇಳಿ.

ಮುಂದಿನ 10 ನಿಮಿಷ ಪ್ರತಿ ಗುಂಪಿನ ಒಂದು ಊಹೆ, ಒಂದು ಕಾರಣ ಬೋರ್ಡಿನ ಮೇಲೆ. ಎಂಟನ್ನೂ ಬರೆಯಿರಿ. ಸರಿಯುತ್ತರ ಬಂದಾಗ ನಿಮ್ಮ ಮುಖ ಅರಳಿದರೆ ಮುಗಿಯಿತು, ಉಳಿದ ಗುಂಪುಗಳು ತಮ್ಮ ಹಾಳೆ ಅಳಿಸಿ ಅದನ್ನೇ ಬರೆದುಕೊಳ್ಳುತ್ತವೆ. ಮಕ್ಕಳು ಪುಸ್ತಕಕ್ಕಿಂತ ಮೇಷ್ಟ್ರ ಮುಖವನ್ನು ಚೆನ್ನಾಗಿ ಓದುತ್ತಾರೆ. ಅದಾದ ಮೇಲೆ 10 ನಿಮಿಷ, ‘ಇದನ್ನು ತೀರ್ಮಾನಿಸಲು ನಿಮಗೆ ಇನ್ನೇನು ಗೊತ್ತಾಗಬೇಕು?’ ಎಂದು ಕೇಳಿ ಪ್ರಶ್ನೆಗಳನ್ನು ಪಟ್ಟಿ ಮಾಡಿಸಿ. ಕೊನೆಯ 5 ನಿಮಿಷದಲ್ಲಿ ಪ್ರತಿ ಮಗು ಚೀಟಿಯಲ್ಲಿ ಒಂದೇ ಒಂದು ಪ್ರಶ್ನೆ ಬರೆದು ಕೊಟ್ಟು ಹೊರಡಬೇಕು. ಆ ದಿನ ಉತ್ತರ ಹೇಳಬೇಡಿ. ಕಾರಿಡಾರಿನಲ್ಲಿ ಹಿಂದೆ ಬಿದ್ದು ಕೇಳುತ್ತಾರೆ. ಕೇಳಲಿ.

*ಎರಡನೆಯ ಪೀರಿಯಡ್.* ಲಕೋಟೆಯ ಆರು ಚೀಟಿಗಳಲ್ಲಿ ಶಾಸನದ ಸಾರವನ್ನು ಸರಳ ಕನ್ನಡದಲ್ಲಿ ಹೀಗೆ ಬರೆದಿಡಿ:

1. ರಾಷ್ಟ್ರಕೂಟ ಚಕ್ರವರ್ತಿ ಮೂರನೇ ಕೃಷ್ಣ ತಕ್ಕೋಲದಲ್ಲಿ ಚೋಳರ ರಾಜಾದಿತ್ಯನ ಮೇಲೆ ಯುದ್ಧ ಮಾಡಿದ. ಅವನ ಪರ ಹೋರಾಡಿದ ಗಂಗರ ಬೂತುಗ ರಾಜಾದಿತ್ಯನನ್ನು ಕೊಂದ.
2. ಮೆಚ್ಚಿದ ಕೃಷ್ಣ ಬೂತುಗನಿಗೆ ಬನವಾಸಿ-12000, ಬೆಳ್ವೊಲ-300 ಮೊದಲಾದ ನಾಡುಗಳನ್ನು ಕೊಟ್ಟ (ಸಂಖ್ಯೆ ನಾಡಿನ ಹೆಸರಿನದೇ ಭಾಗ).
3. ಬೂತುಗನ ಕಡೆಯ ವೀರ ಮಣಲೇರ. ಅವನ ಶೌರ್ಯಕ್ಕೆ ಮೆಚ್ಚಿ ಬೂತುಗ ‘ಬೇಕಾದ್ದು ಕೇಳು’ ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು.
4. ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ನಾಯಿ, ಹಂದಿ ಎರಡೂ ಸತ್ತವು.
5. ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನೆಟ್ಟು ಭೂಮಿಯನ್ನು ದತ್ತಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಗೊರವನಿಗೆ (ಗುಡಿಯ ಶೈವ ಪೂಜಾರಿಗೆ) ಪಾಪ ಎಂದು ಬರೆಸಿದರು.
6. ಕಾಲ: ಶಕ ವರ್ಷ 872, ಸೌಮ್ಯ ಸಂವತ್ಸರ.

ಚೀಟಿಗಳನ್ನು ಕಲಸಿ ಕೊಡಿ, ಮೇಲಿನ ಕ್ರಮಸಂಖ್ಯೆ ಇರಕೂಡದು. ಕೆಲಸ ಎರಡು. ಮೊದಲು ಘಟನೆಗಳನ್ನು ಕ್ರಮಕ್ಕೆ ಜೋಡಿಸುವುದು, 8 ನಿಮಿಷ. ಆಮೇಲೆ ‘ಯಾರು ಯಾರಿಗೆ ಏನು ಕೊಟ್ಟರು, ಬದಲಿಗೆ ಏನು ಪಡೆದರು?’ ಎಂದು ಬಾಣ ಹಾಕಿ ಚಿತ್ರ ಬರೆಯುವುದು, 12 ನಿಮಿಷ. ಕೃಷ್ಣನಿಂದ ಬೂತುಗನಿಗೆ ನಾಡು, ಬೂತುಗನಿಂದ ಮಣಲೇರನಿಗೆ ನಾಯಿ, ದಾನಿಯಿಂದ ಗೊರವನಿಗೆ ಭೂಮಿ, ಗೊರವನಿಂದ ಕಲ್ಲಿಗೆ ಪೂಜೆ. ಮೇಲ್ಮುಖದ ಬಾಣಗಳಲ್ಲಿ ಯುದ್ಧ, ನಿಷ್ಠೆ, ಪ್ರಾಣ. ಎಲ್ಲೂ ಸಂಬಳದ ಮಾತಿಲ್ಲ ಎಂಬುದನ್ನು ಯಾವುದಾದರೂ ಗುಂಪು ಗಮನಿಸುತ್ತದೆ. ಗಮನಿಸದಿದ್ದರೆ ‘ಇವರಿಗೆ ತಿಂಗಳ ಸಂಬಳ ಯಾರು ಕೊಡುತ್ತಿದ್ದರು?’ ಎಂದು ಒಂದೇ ಪ್ರಶ್ನೆ ಎಸೆದು ಮುಂದೆ ಹೋಗಿ.

ನಿಮ್ಮ ವಿವರಣೆಗೆ ಜಾಗ ಈಗ. 8 ನಿಮಿಷಕ್ಕಿಂತ ಹೆಚ್ಚು ಬೇಡ. ‘ಸಾಮಂತ’, ‘ದತ್ತಿ’, ‘ನಾಡು’ ಎಂಬ ಪದಗಳನ್ನು ಮಕ್ಕಳ ಬಾಣದ ಚಿತ್ರದ ಮೇಲೆಯೇ ಬರೆದು ಹೆಸರಿಸಿ. ವಸ್ತು ಮೊದಲು ಕೈಗೆ ಬಂದು ಹೆಸರು ಆಮೇಲೆ ಬಂದರೆ ಪದ ನಿಲ್ಲುತ್ತದೆ. ಹೆಸರು ಮೊದಲು ಬಂದರೆ ಅದು ಬಾಯಿಪಾಠದ ಪಾಲು.

ಕಾಲದ ಚೀಟಿಗೆ ಪ್ರತ್ಯೇಕ ಗಮನ ಕೊಡಿ, ಗಣಿತ ಇಷ್ಟಪಡುವ ಮಕ್ಕಳು ಇಲ್ಲೇ ಸಿಕ್ಕಿಬೀಳುತ್ತಾರೆ. ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ, ಅಂದರೆ 872ಕ್ಕೆ 950. ಪುಸ್ತಕಗಳಲ್ಲಿ 949–50 ಎಂದಿರುತ್ತದೆ. ಯಾವುದು ಸರಿ? ಯುಗಾದಿಯಿಂದ ಯುಗಾದಿಗೆ ಹೋಗುವ ವರ್ಷ ಎರಡು ಇಸವಿಗಳ ಮೇಲೆ ಚಾಚಿಕೊಳ್ಳುತ್ತದೆ. ನಡೆಯುತ್ತಿರುವ ವರ್ಷವನ್ನು ಎಣಿಸುವುದು, ಕಳೆದ ವರ್ಷಗಳನ್ನಷ್ಟೇ ಎಣಿಸುವುದು ಎಂದು ಎರಡು ರೂಢಿಗಳೂ ಇದ್ದವು. ತಾಳೆ ನೋಡಲು ಸಂವತ್ಸರದ ಹೆಸರು ಇದೆ. 60 ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ. ಮನೆಯ ಕ್ಯಾಲೆಂಡರಿನಲ್ಲಿ 2025ರ ಯುಗಾದಿಗೆ ವಿಶ್ವಾವಸು ಎಂದಿದೆ, ಅಲ್ಲಿಂದ ಎಣಿಸಿದರೆ ಸೌಮ್ಯ ಬರುವುದು 2029ಕ್ಕೆ. ಅದರಿಂದ 18 ಸುತ್ತು, ಅಂದರೆ 1080 ವರ್ಷ ಹಿಂದೆ ಹೋಗಿ: 949. ಸಾವಿರ ವರ್ಷದ ಹಿಂದಿನ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನಿಂದ ತಾಳೆ ನೋಡಬಹುದು ಎಂದು ಗೊತ್ತಾದ ದಿನ ಇಸವಿ ಎಂದರೆ ಮೂಗು ಮುರಿಯುವವರು ಕಡಿಮೆಯಾಗುತ್ತಾರೆ.

*ಮೂರನೆಯ ಪೀರಿಯಡ್.* ಇನ್ನೊಂದು ಸಾಕ್ಷ್ಯ ಕೊಡಿ: ಚೋಳರ ಶಾಸನಗಳು ಅದೇ ರಾಜಾದಿತ್ಯನನ್ನು ‘ಆನೆಯ ಮೇಲೆ ಮಡಿದ ದೊರೆ’ ಎಂದು ಗೌರವದಿಂದ ಕರೆಯುತ್ತವೆ. ಗೆದ್ದವರ ಕಲ್ಲು ಒಂದು ರೀತಿ ಹೇಳುತ್ತದೆ, ಸೋತವರ ಕಲ್ಲು ಇನ್ನೊಂದು ರೀತಿ. ಹತ್ತು ನಿಮಿಷ ಚರ್ಚೆಯಾಗಲಿ. ಉಳಿದ ಸಮಯದಲ್ಲಿ ಪ್ರತಿಯೊಬ್ಬರೂ ಒಂದು ಪುಟ ಬರೆಯಬೇಕು: ನಾಯಿಗೆ ಕಲ್ಲು ನೆಟ್ಟದ್ದೇಕೆ? ಅಂಕ 10. ಸಾಕ್ಷ್ಯ ಬಳಸಿದ್ದಕ್ಕೆ 4, ಕಾರಣ ಜೋಡಿಸಿದ್ದಕ್ಕೆ 3, ಬೇರೆ ಸಾಧ್ಯತೆಯನ್ನು ಒಪ್ಪಿ ಅಥವಾ ತಳ್ಳಿ ಬರೆದದ್ದಕ್ಕೆ 2, ಭಾಷೆಗೆ 1. ಈ ಹಂಚಿಕೆಯನ್ನು ಬರೆಯುವ ಮೊದಲೇ ಬೋರ್ಡಿನ ಮೇಲೆ ಹಾಕಿ. ವರ್ಷದ ನಡುವೆ ನಡೆಯುವ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ಇದನ್ನೇ ದಾಖಲಿಸಿಕೊಳ್ಳಬಹುದು, ಅದಕ್ಕೆಂದು ಬೇರೆ ಚಾರ್ಟು ಮಾಡಿಸುವ ಅಗತ್ಯವಿಲ್ಲ.

ಊರಿನ ಕಲ್ಲಿನ ಮುಂದೆ

ಕರ್ನಾಟಕದ ಬಹಳಷ್ಟು ಊರುಗಳಲ್ಲಿ ವೀರಗಲ್ಲು, ಗಂಡನ ಚಿತೆಯೇರಿದ ಹೆಂಗಸರ ನೆನಪಿನ ಮಾಸ್ತಿಗಲ್ಲು ಇವೆ. ಕೆರೆ ಏರಿ, ಗುಡಿಯ ಹಿಂಭಾಗ, ಅರಳಿಕಟ್ಟೆ, ಊರ ಹೆಬ್ಬಾಗಿಲ ಜಾಗ ನೋಡಿ. ಬೆಂಗಳೂರಿನವರಿಗೆ ಬೇಗೂರು ಇದೆ. ‘ಬೆಂಗಳೂರು ಕಾಳಗ’ದಲ್ಲಿ ಮಡಿದವನ ನೆನಪಿನ, ಸಾವಿರದ ನೂರು ವರ್ಷದಷ್ಟು ಹಳೆಯ ಕಲ್ಲು ಅಲ್ಲಿನ ಗುಡಿಯ ಆವರಣದಲ್ಲಿದೆ. ಕೆಂಪೇಗೌಡರಿಗಿಂತ ಎಷ್ಟೋ ಮೊದಲೇ ಈ ಹೆಸರಿನ ಊರಿತ್ತು ಎಂಬುದನ್ನು ಅದರ ಮುಂದೆ ನಿಂತೇ ಕಂಡುಕೊಳ್ಳಲಿ. ಹಳೇ ಮೈಸೂರು ಭಾಗದವರು ಶಾಸನಗಳನ್ನು ತಾಲ್ಲೂಕುವಾರು ಅಚ್ಚು ಹಾಕಿದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ತಮ್ಮ ತಾಲ್ಲೂಕಿನ ಭಾಗ ತೆರೆದರೆ ಊರಿನ ಹೆಸರೇ ಸಿಗುವ ಸಾಧ್ಯತೆ ಹೆಚ್ಚು.

ಬ್ಯಾಗ್‌ರಹಿತ ಶನಿವಾರ ಇದಕ್ಕೆ ಹೇಳಿ ಮಾಡಿಸಿದ್ದು. ಮುಖ್ಯೋಪಾಧ್ಯಾಯರ ಒಪ್ಪಿಗೆ, ಎಸ್‌ಡಿಎಂಸಿಗೆ (ಶಾಲಾಭಿವೃದ್ಧಿ ಸಮಿತಿಗೆ) ಒಂದು ಮಾತು, ಗುಡಿಯವರಿಗೆ ಮೊದಲೇ ತಿಳಿಸುವುದು, ಇವಿಷ್ಟು ಆಗಿರಲಿ. ಹೊತ್ತು ಮುಖ್ಯ. ನೆತ್ತಿಯ ಬಿಸಿಲಿನಲ್ಲಿ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಎಳೆ ಬಿಸಿಲು ಓರೆಯಾಗಿ ಬೀಳುವಾಗ ಸವೆದ ಅಕ್ಷರಕ್ಕೂ ನೆರಳು ಮೂಡುತ್ತದೆ. ಕಲ್ಲು ನೆರಳಿನಲ್ಲಿದ್ದರೆ ಟಾರ್ಚನ್ನು ಎದುರಿನಿಂದ ಹಿಡಿಯದೆ ಪಕ್ಕದಿಂದ, ಕಲ್ಲಿಗೆ ತಾಗಿಸಿದಂತೆ ಹಿಡಿಯಿರಿ. ಸೀಮೆಸುಣ್ಣ, ಇದ್ದಿಲು, ಎಣ್ಣೆ ಬಳಿದು ಅಕ್ಷರ ಎದ್ದು ಕಾಣಿಸುವ ಹಳೆಯ ಚಟ ಬೇಡ, ಕಲ್ಲಿಗೆ ಹಾನಿ. ಪೂಜೆಯಾಗುವ ಕಲ್ಲಿನ ಅರಿಶಿನ ಕುಂಕುಮವನ್ನು ಮಕ್ಕಳು ಒರೆಸಕೂಡದು. ಒರೆಸಿದರೆ ಮುಂದಿನ ವರ್ಷ ನಿಮ್ಮನ್ನು ಒಳಗೆ ಬಿಡುವುದಿಲ್ಲ.

ಓದುವ ದಿಕ್ಕನ್ನು ಹೇಳದಿದ್ದರೆ ಎಲ್ಲ ಗುಂಪೂ ಎಡವುತ್ತದೆ. ಪುಸ್ತಕದಂತೆ ಮೇಲಿನಿಂದ ಕೆಳಗೆ ಓದಿ, ‘ಪೂಜೆ ಮಾಡಿದ, ಆಮೇಲೆ ಯುದ್ಧಕ್ಕೆ ಹೋದ’ ಎಂದು ಬರೆಯುತ್ತಾರೆ. ವೀರಗಲ್ಲಿನ ಕಥೆ ಕೆಳಗಿನಿಂದ ಮೇಲಕ್ಕೆ ನಡೆಯುತ್ತದೆ. ಸಾಮಾನ್ಯವಾಗಿ ಮೂರು ಪಟ್ಟಿಕೆ: ತಳದಲ್ಲಿ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಕೊಂಡೊಯ್ಯುವುದು, ಮೇಲೆ ಶಿವಲಿಂಗದ ಅಥವಾ ಜಿನನ ಸನ್ನಿಧಿ, ಜೊತೆಗೆ ಸೂರ್ಯ ಚಂದ್ರ. ಈ ಸುಳಿವನ್ನೂ ತಕ್ಷಣ ಹೇಳದೆ, ಮೊದಲು ತಪ್ಪು ಓದು ಬರಲಿ. ‘ಸತ್ತ ಮೇಲೆ ಯುದ್ಧ ಮಾಡಿದನೇ?’ ಎಂದು ಕೇಳಿದರೆ ಅವರೇ ತಿರುಗಿಸಿ ಓದುತ್ತಾರೆ. ತಳದ ಪಟ್ಟಿಕೆಯಲ್ಲಿ ದನಗಳಿದ್ದರೆ ತುರುಗೋಳು, ಅಂದರೆ ದನ ಹಿಡಿಯಲು ಬಂದವರ ಜೊತೆಗಿನ ಕಾದಾಟ. ಹುಲಿಯೋ ಹಂದಿಯೋ ಇದ್ದರೆ ಬೇಟೆ. ಅಂದಿನ ಆಸ್ತಿ ಯಾವುದಾಗಿತ್ತು, ಜನ ಯಾವುದಕ್ಕೆ ಪ್ರಾಣ ಕೊಡುತ್ತಿದ್ದರು ಎಂಬ ಚರ್ಚೆಗೆ ದನಗಳೇ ಬಾಗಿಲು.

ಪೌರನೀತಿಗೂ ಸಂತೆಗೂ

ಗ್ರಾಮ ಪಂಚಾಯಿತಿ ಪಾಠಕ್ಕೆ ಜನಗಣತಿಯ ಒಂದು ಸಂಖ್ಯೆ ಸಾಕು. 1993ರ ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಈ 400 ಎಂಬುದನ್ನು ಮೊದಲೇ ಹೇಳಬೇಡಿ. ನಾಲ್ಕು ಪಂಚಾಯಿತಿಗಳ 2011ರ ಜನಸಂಖ್ಯೆ ಮತ್ತು ಸದಸ್ಯರ ಸಂಖ್ಯೆ ಕೊಟ್ಟು, ನಿಯಮ ಏನಿರಬಹುದು ಎಂದು ಮಕ್ಕಳೇ ಭಾಗಾಕಾರ ಮಾಡಿ ಹುಡುಕಲಿ. ಲೆಕ್ಕ ಕರಾರುವಾಕ್ಕಾಗಿ ಹೊಂದುವುದಿಲ್ಲ. ಏಕೆ ಹೊಂದಲಿಲ್ಲ ಎಂಬ ತಕರಾರಿನಲ್ಲೇ ಕ್ಷೇತ್ರ ವಿಂಗಡಣೆ, ಮೀಸಲಾತಿ, ಮಹಿಳೆಯರಿಗೆ ಅರ್ಧ ಸ್ಥಾನ ಎಲ್ಲವೂ ಬಂದು ಹೋಗುತ್ತವೆ. ಮಕ್ಕಳ ಗ್ರಾಮಸಭೆ ಹತ್ತಿರವಿದ್ದರೆ ಅದಕ್ಕೆ ಒಂದು ನಿಜವಾದ ಬೇಡಿಕೆಯನ್ನು ತಯಾರಿಸಿ: ಶಾಲೆಯ ದಾರಿಯಲ್ಲಿ ಉರಿಯದ ಬೀದಿದೀಪಗಳು ಎಷ್ಟು, ಯಾವ ಕಂಬದವು, ಎಷ್ಟು ದಿನದಿಂದ. ಎಣಿಸದೆ ಬರೆದ ‘ನಮ್ಮೂರಿಗೆ ಸೌಲಭ್ಯ ಕೊಡಿ’ ಎಂಬ ಅರ್ಜಿ ಅಲ್ಲಿ ಯಾರ ಕಿವಿಗೂ ಬೀಳುವುದಿಲ್ಲ.

ಉದ್ದ ಪಾಠಗಳಿಗೆ ಜಿಗ್ಸಾ ವಿಧಾನ ಹೊಂದುತ್ತದೆ. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ, ಕರಿಯ ಬಿಳಿಯ ಮಕ್ಕಳು ಮೊದಲ ಬಾರಿ ಒಂದೇ ತರಗತಿಗೆ ಬಂದು ಜಗಳಗಳಾದಾಗ ಮನೋವಿಜ್ಞಾನಿ ಎಲಿಯಟ್ ಆರನ್ಸನ್ ರೂಪಿಸಿದ್ದು. ಪಾಠವನ್ನು ಐದು ತುಂಡು ಮಾಡಿ ಗುಂಪಿನ ಐವರಿಗೆ ಹಂಚಿ. ಒಂದೇ ತುಂಡು ಸಿಕ್ಕವರು ಬೇರೆ ಬೇರೆ ಗುಂಪುಗಳಿಂದ ಒಂದೆಡೆ ಸೇರಿ 12 ನಿಮಿಷ ಚರ್ಚಿಸಿ, ತಮ್ಮ ಗುಂಪಿಗೆ ಮರಳಿ ತಲಾ 4 ನಿಮಿಷ ಕಲಿಸಬೇಕು. ಎಂಟು ಜನ ಒಂದೆಡೆ ಸೇರಿದರೆ ಮೂವರು ಸುಮ್ಮನಿರುತ್ತಾರೆ, ಅದನ್ನು ನಾಲ್ಕು ನಾಲ್ಕು ಮಾಡಿ ಒಡೆಯಿರಿ. ಓದಲು ತೊಡಕಿರುವ ಮಗುವಿಗೆ ಚಿತ್ರ ಅಥವಾ ನಕ್ಷೆ ಇರುವ ತುಂಡು ಕೊಡಿ, ಸುಲಭವಾದದ್ದೆಂದು ಹೇಳಿ ಕೊಡಬೇಡಿ.

ಸಂತೆಯ ಪ್ರಶ್ನೆಗೆ ಒಂದು ಕೋಷ್ಟಕ ಬೇಕು. ಟೊಮೆಟೊ, ಸೊಪ್ಪು, ಈರುಳ್ಳಿ, ಅಕ್ಕಿ, ಈ ನಾಲ್ಕರ ಬೆಲೆಯನ್ನು ಬೆಳಗ್ಗೆ 9ಕ್ಕೆ, ಮಧ್ಯಾಹ್ನ 1ಕ್ಕೆ, ಸಂಜೆ 5ಕ್ಕೆ ಒಂದೇ ಅಂಗಡಿಯಲ್ಲಿ ಕೇಳಿ ಬರೆಯುವುದು. ಬೇರೆ ಬೇರೆ ಅಂಗಡಿಯಲ್ಲಿ ಕೇಳಿದರೆ ಹೊತ್ತಿನ ವ್ಯತ್ಯಾಸವೋ ಅಂಗಡಿಯ ವ್ಯತ್ಯಾಸವೋ ತಿಳಿಯುವುದಿಲ್ಲ.

ಎಲ್ಲಿ ಕೆಡುತ್ತದೆ

ಮೂರನೇ ನಿಮಿಷಕ್ಕೇ ಉತ್ತರ ಹೇಳಿಬಿಡುವುದು ಮೊದಲ ರೋಗ. ಮೌನ ಕಂಡರೆ ನಮಗೆ ಹೆದರಿಕೆ, ಪಾಠ ನಡೆಯುತ್ತಿಲ್ಲ ಎನಿಸುತ್ತದೆ. ಉತ್ತರದ ಬದಲು ಸಣ್ಣ ಸುಳಿವುಗಳನ್ನು ಜೇಬಿನಲ್ಲಿಟ್ಟುಕೊಳ್ಳಿ, ಗುಂಪಿಗೆ ಮೂರು ಸಾಕು. ‘ಇದನ್ನು ಕೊಟ್ಟವರು ಯಾರು?’, ‘ಬದಲಿಗೆ ಏನು ಸಿಕ್ಕಿತು?’, ‘ಈ ಎರಡು ಚೀಟಿಯನ್ನು ಪಕ್ಕಪಕ್ಕ ಇಟ್ಟು ನೋಡಿ.’ ಗುಂಪು ನಿಜವಾಗಿ ಸಿಕ್ಕಿಕೊಂಡ ಮೇಲೆ ಒಂದೊಂದಾಗಿ ಕೊಡಿ.

ಎರಡನೆಯದು ಇದಕ್ಕೆ ತದ್ವಿರುದ್ಧ: ‘ಎಲ್ಲರ ಉತ್ತರವೂ ಸರಿ, ಚಪ್ಪಾಳೆ.’ ರಚನಾವಾದ ಎಂದರೆ ಏನು ಹೇಳಿದರೂ ನಡೆಯುತ್ತದೆ ಎಂಬ ತಿಳಿವಳಿಕೆ ಎಲ್ಲಿಂದ ಬಂತೋ. ನಾಯಿಯ ಹೆಸರು ಕಾಳಿ ಎಂದಿರುವುದರಿಂದ ಇದು ಕಾಳಿಕಾದೇವಿಯ ಕಲ್ಲು ಎಂದು ಒಂದು ಗುಂಪು ತೀರ್ಮಾನಿಸಿದರೆ, ಅದನ್ನು ಮೂರು ಮತ್ತು ನಾಲ್ಕನೇ ಚೀಟಿಗಳ ಎದುರು ನಿಲ್ಲಿಸಿ ಬಿಡಿಸಲೇಬೇಕು. ಬಿಡಿಸದೆ ಮನೆಗೆ ಕಳಿಸಿದರೆ ಆ ತಪ್ಪು ಗಟ್ಟಿಯಾಗುತ್ತದೆ. ತಾನೇ ಕಟ್ಟಿದ ತಪ್ಪು ಬೇರೆಯವರು ಹೇಳಿದ ತಪ್ಪಿಗಿಂತ ಬಲವಾಗಿ ಬೇರೂರುತ್ತದೆ.

ಗುಂಪಿನಲ್ಲಿ ಒಬ್ಬನೇ ಬರೆದು ನಾಲ್ವರು ಕಿಟಕಿ ನೋಡುವುದು ಎಲ್ಲ ಶಾಲೆಯಲ್ಲೂ ಇದೆ. ಕೆಲಸ ಹಂಚಿ, ವಾರ ವಾರ ಬದಲಿಸಿ: ಓದುವವರು, ಬರೆಯುವವರು, ಹೊತ್ತು ನೋಡುವವರು, ‘ಆಧಾರ ಏನು?’ ಎಂದು ಕೇಳುವವರು, ಎದ್ದು ನಿಂತು ಹೇಳುವವರು. ಹೇಳುವವರನ್ನು ಮೊದಲೇ ಗೊತ್ತು ಮಾಡದೆ ಕೊನೆಯ ಗಳಿಗೆಯಲ್ಲಿ ಚೀಟಿ ಎತ್ತಿದರೆ ಐವರೂ ತಯಾರಾಗಿರುತ್ತಾರೆ.

ಮನೆಗೆಲಸವಾಗಿ ‘ವೀರಗಲ್ಲುಗಳ ಬಗ್ಗೆ ಮಾಹಿತಿ ಸಂಗ್ರಹಿಸಿ’ ಎಂದು ಕೊಟ್ಟರೆ ಸೈಬರ್ ಅಂಗಡಿಯಿಂದ ಒಂದೇ ಪ್ರಿಂಟಿನ 40 ಪ್ರತಿಗಳು ಬರುತ್ತವೆ, ತಂದೆ ತಾಯಿಗೆ ಖರ್ಚು ಬೇರೆ. ‘ಮನೆಯ ಹಿರಿಯರೊಬ್ಬರನ್ನು ಕೇಳಿ, ಈ ಕಲ್ಲಿಗೆ ಯಾರು, ಯಾವಾಗ ಪೂಜೆ ಮಾಡುತ್ತಾರೆ ಎಂದು ಐದು ಸಾಲು ಬರೆದು ತನ್ನಿ’ ಎಂದರೆ ನಕಲು ಸಾಧ್ಯವಿಲ್ಲ.

ಜಾತಿ, ಜಮೀನು, ವರಮಾನ ಇವನ್ನು ಸಮೀಕ್ಷೆಯ ಪ್ರಶ್ನೆಯಾಗಿ ಮಕ್ಕಳ ಕೈಗೆ ಕೊಡಲೇಬೇಡಿ. ತರಗತಿಯ ಮುಂದೆ ಯಾವ ಮಗುವೂ ತನ್ನ ಮನೆಯ ಲೆಕ್ಕ ಒಪ್ಪಿಸುವಂತಾಗಬಾರದು. ಅದೇ ವಿಷಯವನ್ನು ಪ್ರಕಟಿತ ಅಂಕಿಅಂಶದಿಂದಲೋ ಕಾಲ್ಪನಿಕ ಕುಟುಂಬದಿಂದಲೋ ಕಲಿಸಬಹುದು.

ಸಿಲಬಸ್ ಮುಗಿಯುವುದಿಲ್ಲ ಎಂಬ ತಕರಾರು ನಿಜ. ಪ್ರತಿ ಪಾಠಕ್ಕೂ ಮೂರು ಪೀರಿಯಡ್ ಹೀಗೆ ಕೊಡಲು ಆಗದು, ಕೊಡಬೇಕಾಗಿಯೂ ಇಲ್ಲ. ಇತಿಹಾಸ, ರಾಜ್ಯಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ಇವುಗಳಲ್ಲಿ ವರ್ಷಕ್ಕೆ ಒಂದೊಂದು ದೊಡ್ಡ ಪಾಠ ಆರಿಸಿಕೊಳ್ಳಿ. ಉಳಿದವುಗಳಲ್ಲಿ ಮೊದಲ 10 ನಿಮಿಷ ಒಂದು ಚಿತ್ರ, ಒಂದು ಪ್ರಶ್ನೆ, ‘ಕಂಡದ್ದು–ಊಹಿಸಿದ್ದು’ ಮಾಡಿ, ಆಮೇಲೆ ಎಂದಿನಂತೆ ಪಾಠ ನಡೆಸಿ. ನಕ್ಷೆಯಲ್ಲಿ ಸ್ಥಳ ಗುರುತಿಸುವುದಕ್ಕೆ, ವಿಧಿಗಳ ಸಂಖ್ಯೆ ನೆನಪಿಡುವುದಕ್ಕೆ ನೇರ ಅಭ್ಯಾಸವೇ ಸರಿ. ಎಸ್ಸೆಸ್ಸೆಲ್ಸಿಯವರಿಗೆ ದೊಡ್ಡ ಚಟುವಟಿಕೆಗಳನ್ನು ಡಿಸೆಂಬರ್‌ಗೆ ಮೊದಲೇ ಮುಗಿಸಿ. ಸಿದ್ಧತಾ ಪರೀಕ್ಷೆ ಶುರುವಾದ ಮೇಲೆ ಮಕ್ಕಳಿಗೂ ಮನಸ್ಸಿರುವುದಿಲ್ಲ, ನಿಮಗೂ ಇರುವುದಿಲ್ಲ.

ಆಸಕ್ತಿ ಹೆಚ್ಚಿತೇ ಎಂದು ತಿಳಿಯುವುದು

ತಮ್ಮ ತರಗತಿಯಲ್ಲೇ ಒಂದು ವಿಧಾನವನ್ನು ಪರೀಕ್ಷಿಸಿ ನೋಡುವ ಕ್ರಿಯಾ ಸಂಶೋಧನೆ ಮಾಡುವವರು ಸಾಮಾನ್ಯವಾಗಿ ಒಂದು ಪ್ರಶ್ನಾವಳಿ ಕೊಟ್ಟು, ಶೇಕಡಾ ತೆಗೆದು ಮುಗಿಸುತ್ತಾರೆ. ಪ್ರಶ್ನಾವಳಿ ಇರಲಿ: 12 ಹೇಳಿಕೆ, ಪ್ರತಿಯೊಂದಕ್ಕೂ ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗೆ 5ರಿಂದ 1 ಅಂಕ. ಅರ್ಧದಷ್ಟು ಹೇಳಿಕೆಗಳು ಉಲ್ಟಾ ಇರಲಿ, ‘ಸಮಾಜ ವಿಜ್ಞಾನದ ಪೀರಿಯಡ್ ರದ್ದಾದರೆ ನನಗೆ ಖುಷಿ’ ಎಂಬಂತೆ. ಉಲ್ಟಾ ಹೇಳಿಕೆಯ ಅಂಕವನ್ನು 6ರಿಂದ ಕಳೆದು ಸೇರಿಸಿ. ಇದನ್ನು ಮರೆತರೆ ಮೊತ್ತ ಅರ್ಥಹೀನ. ಹೆಸರು ಬರೆಸಬೇಡಿ, ಬರೆಸಿದರೆ ನಿಮ್ಮನ್ನು ಮೆಚ್ಚಿಸುವ ಉತ್ತರ ಬರುತ್ತದೆ. ಆದರೆ ಮೊದಲಿನ ಹಾಳೆಗೂ ನಂತರದ ಹಾಳೆಗೂ ಒಂದೇ ಗುರುತು ಬೇಕಲ್ಲ, ಅದಕ್ಕೆ ಮಗುವೇ ಆರಿಸಿದ ಒಂದು ಚಿತ್ರವೋ ಸಂಖ್ಯೆಯೋ ಇರಲಿ.

ವೀರಗಲ್ಲಿನ ಭೇಟಿಯ ಮಾರನೇ ದಿನವೇ ಹಾಳೆ ಹಂಚಿದರೆ ಹೊರಗೆ ಹೋಗಿ ಬಂದ ಖುಷಿಗೆ ಅಂಕ ಬೀಳುತ್ತದೆ. ಹೊಸತನದ ರುಚಿ ಬೇಗ ಆರುತ್ತದೆ, ಆರು ವಾರ ಬಿಟ್ಟು ಹಂಚಿ. ಎರಡು ವಿಭಾಗಗಳಿದ್ದರೆ ಒಂದರಲ್ಲಿ ಎಂದಿನ ಪಾಠ, ಇನ್ನೊಂದರಲ್ಲಿ ಈ ವಿಧಾನ ನಡೆಸಿ ಹೋಲಿಸಿ, ಮುಂದಿನ ಘಟಕದಲ್ಲಿ ಅದಲುಬದಲು ಮಾಡಿ.

ಪ್ರಶ್ನಾವಳಿಗಿಂತ ನಂಬಬಹುದಾದದ್ದು ಎಣಿಕೆ. ಒಂದು ಪೀರಿಯಡ್‌ನಲ್ಲಿ ಮಕ್ಕಳು ತಾವಾಗಿ ಕೇಳಿದ ಪ್ರಶ್ನೆ ಎಷ್ಟು, ಎಷ್ಟು ಬೇರೆ ಬೇರೆ ಮಕ್ಕಳು ಬಾಯಿ ಬಿಟ್ಟರು, ಇವೆರಡನ್ನು ಬೋರ್ಡಿನ ಮೂಲೆಯಲ್ಲಿ ಗೆರೆ ಎಳೆದು ಲೆಕ್ಕ ಹಿಡಿಯಿರಿ. ‘ನೀರು ಕುಡಿಯಲು ಹೋಗಲೇ?’ ಎಂಬುದು ಲೆಕ್ಕಕ್ಕಿಲ್ಲ. ‘ಎಷ್ಟು ಪುಟ ಬರೆಯಬೇಕು?’ ಎಂಬುದನ್ನೂ ಬಿಡಿ. ‘ಹಂದಿಗೆ ಏಕೆ ಕಲ್ಲು ನೆಡಲಿಲ್ಲ?’ ಎಂಬುದಕ್ಕೆ ಒಂದು ಗೆರೆ ಎಳೆಯಿರಿ. ಮೊದಲ ದಿನ ಮಕ್ಕಳು ಕೊಟ್ಟ ಪ್ರಶ್ನೆಚೀಟಿಗಳನ್ನು ಎಸೆಯದೆ ಒಂದು ಡಬ್ಬಿಯಲ್ಲಿಡಿ. ಮುಂದಿನ ವರ್ಷದ ಮಕ್ಕಳಿಗೆ ಆ ಪಾಠ ಶುರು ಮಾಡಲು ಅದರಿಂದ ನಾಲ್ಕು ಚೀಟಿ ಎತ್ತಿ ಓದಿಸಬಹುದು.